ಸೂರಿನಾಚೆ

"ಗೋಡೆಗೆ ಒರಗಬ್ಯಾಡ್ರವ್ವೋ, ಸುಣ್ಣ ಇನ್ನೂ ಹಸಿ ಐತೆ!"

ಅಳುತ್ತಲೇ ಸುಬ್ಬಮ್ಮ ಕೂಗಿದಳು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಜಗಲಿಯ ಮೇಲೆ ಕೂತು ಅಳುತ್ತಿದ್ದ ಕೊಣನೂರಿನ ಹೆಂಗಸರ ಬೆನ್ನೆಲ್ಲ ಬೆಳ್ಳಗಾಗಿತ್ತು. ಅತ್ತೆ ಮುದ್ದಮ್ಮನ ಹೆಣ ಎದುರಿಗೆ, ಬೀದಿಯಲ್ಲಿ, ಚಾಪೆಯ ಮೇಲಿತ್ತು. ಬದುಕಿದ್ದಿದ್ದರೆ ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಗುದ್ದು ಕೊಡುತ್ತಿದ್ದಳು. ಅಂಥ ಘಾಟಿ ಮುದುಕಿ ಅವಳು.

"ಮನೆ ಮಾರೋ ಆತ್ರದಲ್ಲಿ ಅತ್ತೇನ ಬೀದಿಗೆ ಆಕ್ಬುಟ್ಳಲ್ಲಮ್ಮಿ! ಜಗಲಿ ಮ್ಯಾಲಾದ್ರೂ ಮಲಗುಸ್ಬಾರ್ದಿತ್ತಾ?" ಪಕ್ಕದ ಮನೆಯ ಜಯಲಕ್ಷ್ಮಮ್ಮ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

ಸುಬ್ಬಮ್ಮ ದಾರಿಯ ಕಡೆ ನೋಡಿದಳು. ಗಂಡ ಕೆಂಪಣ್ಣ ಮನೆ ಕೊಳ್ಳುವ ದೊಡ್ಡತಾಯಮ್ಮನನ್ನು ಕರೆತರಲು ನಿನ್ನೆಯೇ ಅರಕಲಗೂಡಿಗೆ ಹೋಗಿದ್ದ. ಅವನು ಬರದೆ ಹೆಣ ಎತ್ತುವಂತಿರಲಿಲ್ಲ.

ಮನೆ ಮಾರುತ್ತಿದ್ದುದು ಕಾಲುವೆ ಕೆಳಗಿನ ಗದ್ದೆ ಕೊಳ್ಳುವುದಕ್ಕಾಗಿ. ಆ ಗದ್ದೆಯಲ್ಲಿ ಮುದ್ದಮ್ಮ ನಲವತ್ತು ವರ್ಷ ಕೂಲಿಗೆ ನಾಟಿ ಹಾಕಿದ್ದಳು. ಯುಗಾದಿಯೊಳಗೆ ಕೊಂಡರೆ ಸರಿ, ಇಲ್ಲವೆಂದರೆ ಬೇರೆಯವರಿಗೆ ಎಂದು ಒಡೆಯರು ಹೇಳಿ ಕಳಿಸಿದ್ದರು. ಯುಗಾದಿಗೆ ಉಳಿದಿದ್ದುದು ನಾಲ್ಕೇ ದಿನ. "ನಾವು ಗುಡಿಸಲಲ್ಲಿದ್ರೂ ಆಯ್ತದೆ, ನನ್ ಮಗ ಒಂದ್ ಸಲನಾದ್ರೂ ತನ್ ಗದ್ದೇಲಿ ನೇಗ್ಲು ಕಟ್ಲಿ" ಎಂದು ಮುದುಕಿ ಹಟ ಹಿಡಿದಿದ್ದಳು. ಗಂಡ ಸತ್ತ ಮೇಲೆ ತಾನೇ ಕೆಸರು ತುಳಿದು ಕಟ್ಟಿದ ಮನೆ ಅದು. ಜ್ವರದಲ್ಲಿ ಮಲಗಿದಲ್ಲಿಂದಲೇ ಸೊಸೆಯ ಕೈಲಿ ಸುಣ್ಣ ಬಳಿಸಿದ್ದಳು. "ಆ ಮೂಲೆ ಬುಟ್ಟೆ ಕಣಮ್ಮಿ, ಕಣ್ ಕಾಣಲ್ವಾ?"

ಊರಿನ ಹಿರಿಯ ಚಲುವಯ್ಯ ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದ. ಮುಖ ಸಪ್ಪಗಾಯಿತು.

"ಧನಿಷ್ಠೇಲಿ ಓಗವ್ಳೆ ಕಣ್ರಪ್ಪಾ. ಆರು ತಿಂಗ್ಳು ಬಾಗ್ಲಿಗೆ ಮುಳ್ ಬಡಿದು ಮನೆ ಬುಡಬೇಕು."

ಮುಳ್ಳು ಬಡಿದ ಮನೆಯನ್ನು ಯಾರು ಕೊಳ್ಳುತ್ತಾರೆ? ಸರಿಯಾಗಿ ಅದೇ ಹೊತ್ತಿಗೆ ಗಾಡಿ ಬಂದು ನಿಂತಿತು. ಕೆಂಪಣ್ಣ ಹಾರಿ ಇಳಿದು ತಾಯಿಯ ಕಾಲ ಮೇಲೆ ಬಿದ್ದು ಗೋಳಾಡಿದ. ಆಮೇಲೆ ತಲೆ ಎತ್ತಿ ಹೆಂಡತಿಯನ್ನು ನೋಡಿದ.

"ನಮ್ಮವ್ವನ್ನ ಬೀದೀಲಿ ಯಾಕೆ ಮಲಗ್ಸಿದ್ದೀಯೆ?"

* * *

ಅದೇ ದಿನ ಬೆಳಗಿನ ಜಾವ, ಮೂಡಲು ಕೆಂಪಾಗುವ ಹೊತ್ತು. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಹರಳೆಣ್ಣೆ ದೀಪ ಉರಿಯುತ್ತಿತ್ತು. ಮುದ್ದಮ್ಮನಿಗೆ ಉಸಿರು ಮೇಲಕ್ಕೆ ಹತ್ತುತ್ತಿತ್ತು.

"ಇವತ್ತು ಧನಿಷ್ಠೆ ಕಣೆ, ಕೇಳ್ಕಂಡಿವ್ನಿ. ಒಳಗೆ ಸಾಯಬಾರ್ದು. ಎತ್ತು ನನ್ನ."

ಸುಬ್ಬಮ್ಮ ಎತ್ತಿ ತಂದು ಜಗಲಿಯ ಮೇಲೆ ಮಲಗಿಸಿದಳು.

"ಇಲ್ಲಲ್ಲ. ಇದೂ ಸೂರಿನ ಕೆಳಗೇ ಅಲ್ವಾ? ಸೂರಿನಾಚೆ."

"ಬೀದೀಲಾ? ಊರೋರು ಏನಂದಾರತ್ತೆ? ನಾನೆಂಗೆ ಮಕ ತೋರ್ಸ್ಲಿ?"

"ಬಯ್ತಾರೆ. ನಾಕು ದಿನ ಬಯ್ದು ಸುಮ್ಕಾಯ್ತಾರೆ. ಗದ್ದೆ ಓದ್ರೆ ತಿರುಗಿ ಬತ್ತದಾ? ಎತ್ತೇ, ಒತ್ತಾಯ್ತದೆ."

ಸುಬ್ಬಮ್ಮ ಅಳುತ್ತ ಎತ್ತಿದಳು. ಪಲ್ಲಗಟ್ಟಲೆ ಭತ್ತ ಒಬ್ಬಳೇ ಕುಟ್ಟುತ್ತಿದ್ದ ಹೆಂಗಸು, ಈಗ ಎತ್ತಿದರೆ ಭಾರವೇ ಇರಲಿಲ್ಲ. ಬೀದಿಯಲ್ಲಿ ಚಾಪೆ ಹಾಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮುದ್ದಮ್ಮ ಮನೆಯನ್ನು ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದಳು.

"ಏಯ್, ಏನ್ ಸಂದಾಗಿ ಕಾಣ್ತದೆ ನಮ್ಮನೆ! ನಂತಾವ ಕಾಸಿದ್ದಿದ್ರೆ ನಾನೇ ತಗಬುಡ್ತಿದ್ದೆ."

ನಕ್ಕಳು. ಅದೇ ಕೊನೆಯ ಮಾತಾಯಿತು.

* * *

ಸುಬ್ಬಮ್ಮ ಸೆರಗು ಬಿಗಿದು ಎದ್ದು ನಿಂತಳು. ಬೆಳಗಿನಿಂದ ತಗ್ಗಿಸಿದ್ದ ತಲೆ ಈಗ ಎತ್ತಿದಳು.

"ನಾನ್ ಆಕ್ಲಿಲ್ಲ. ಮನೆಗೆ ದೋಸ ತಟ್ಟಬಾರ್ದು ಅಂತ ಅತ್ತೆಮ್ಮನೇ ಸೂರಿನಾಚೆ ಬಂದ್ಳು. ಇಲ್ಲೇ, ನನ್ ತೊಡೆ ಮ್ಯಾಲೆ ಪ್ರಾಣ ಬುಟ್ಟಳು. ಅಂಥೋಳ ಸೊಸೆ ನಾನು!"

"ಯಾರ್ ನೋಡವ್ರೆ?" ಎಂದಳು ಜಯಲಕ್ಷ್ಮಮ್ಮ.

"ಸುಮ್ಕಿರಮ್ಮಿ," ಎಂದ ಚಲುವಯ್ಯ. "ನಿನ್ನೆ ಸಂಜೆ ಈ ದಾರೀಲಿ ಓಯ್ತಿದ್ದೆ. ಒಳಗಿಂದ್ಲೇ ಕೂಗಿ, ನಾಳೆ ಯಾವ ನಕ್ಸತ್ರ ಅಂದ್ಳು. ಧನಿಷ್ಠೆ ಅಂದೆ. ಮದುವೆ ಗಿದುವೆ ಇಟ್ಕಂಡಿದ್ದೀಯಾ ಮುದ್ದಕ್ಕ ಅಂತ ತಮಾಸೆ ಬ್ಯಾರೆ ಮಾಡ್ದೆ." ಕಣ್ಣೊರೆಸಿಕೊಂಡ. "ಈ ಮನೇಲಿ ಯಾರೂ ಸತ್ತಿಲ್ಲ ಕಣ್ರಪ್ಪಾ. ಮುಳ್ಳೂ ಬ್ಯಾಡ, ಏನೂ ಬ್ಯಾಡ."

ಜಯಲಕ್ಷ್ಮಮ್ಮ ಬಂದು ಸುಬ್ಬಮ್ಮನ ಕೈ ಹಿಡಿದುಕೊಂಡಳು. ಕೆಂಪಣ್ಣ ಹೆಂಡತಿಯ ಮುಖ ನೋಡಲಾರದೆ ತಾಯಿಯ ಪಾದ ಸವರುತ್ತ ಕೂತ. ಚಲುವಯ್ಯ ಹೇಳಿದ್ದೇನೋ ಸರಿ, ಆದರೆ ಕೊಳ್ಳುವವಳು ಒಪ್ಪಬೇಕಲ್ಲ? ಎಲ್ಲರ ಕಣ್ಣೂ ಗಾಡಿಯ ಕಡೆ ತಿರುಗಿತು.

ದೊಡ್ಡತಾಯಮ್ಮ ಗಾಡಿಯಿಂದ ಇಳಿದಳು. ಹೆಣದ ತಲೆಯ ಬಳಿ ಕುಕ್ಕರಗಾಲಿನಲ್ಲಿ ಕೂತು ಕೈ ಮುಗಿದಳು. ಅಲ್ಲಿಂದಲೇ ಮನೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು, ತಲೆಯ ಮೇಲೆ ಸೆರಗು ಹೊದ್ದು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಜಗಲಿ ಹತ್ತಿದಳು. ಬಾಗಿಲಲ್ಲಿ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೊಸ ಮದುವಣಗಿತ್ತಿ ಇಡುವಂತೆ, ಬಲಗಾಲನ್ನು ಒಳಗಿಟ್ಟಳು.