ಹಿಂಬದಿಯ ಹಲಗೆ

ಸೃಷ್ಟಿ ದೋಣಿಯ ಬೆನ್ನಿಗೆ ಕಿವಿ ಹಚ್ಚಿ ನಾಣ್ಯದಿಂದ ಬಡಿದಳು. ಟಣ್. ಗೇಣು ಸರಿದು ಮತ್ತೆ ಬಡಿದಳು. ಟಣ್.

"ಎತ್ತಿನ ಹಲ್ಲ ಎಣಸಿದಂಗ ಎಣಸಾಕತ್ತಾಳಲ್ಲೋ ನಿನ್ನ ತಂಗಿ!" ಗುರುಶಿದ್ದಪ್ಪ ನಕ್ಕ. "ಹನಮೇಶಾ, ಈಕೀನ್ನ ನೋಡಾಕ ಬರೋ ವರಗ ಮೊದಲ ಹೇಳಿಬಿಡ್ರಿ. ಹಲ್ಲ ತಿಕ್ಕೊಂಡು ಬಾ ಅಂತ."

ಹನಮೇಶನೂ ನಕ್ಕ. ಆದರೆ ಅವನ ಕಣ್ಣು ಮುಗಿಲ ಮೇಲಿತ್ತು. ಬೆಂಗೇರಿಯಾಚೆಯ ಈ ಕೆರೆಯ ದಂಡೆಯಲ್ಲಿ ಎಳೆಬಿಸಿಲಿತ್ತು. ಸುಳ್ಳ ಗ್ರಾಮದ ದಿಕ್ಕಿಗೆ ಮಾತ್ರ ಆಕಾಶ ಕಾಡಿಗೆ ಬಳಿದಂತೆ ನಿಂತಿತ್ತು. ಅವರ ಊರು ಅಲ್ಲಿ. ಊರಿನ ಹಳ್ಳವೂ ಅಲ್ಲಿ. ಹಳ್ಳದಾಚೆಯ ಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ ಮುಂದಾಳು ಸಾವಕ್ಕ ಬೆಳಗಿನಿಂದ ಎರಡು ಸಲ ಫೋನ್ ಮಾಡಿದ್ದಳು: ದೋಣಿ ಬರುತ್ತದೋ ಇಲ್ಲವೋ, ನಾವು ಹಳ್ಳ ದಾಟುವುದೋ ಬೇಡವೋ?

ಹೋದ ವರ್ಷ ಇದೇ ಆಷಾಢದಲ್ಲಿ ಹಳ್ಳ ತುಂಬಿ ಬಂದು ಆ ಹೆಣ್ಣುಮಕ್ಕಳು ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದರು. ಟ್ರ್ಯಾಕ್ಟರ್ ಟ್ಯೂಬು ಕಟ್ಟಿಕೊಂಡು ಹನಮೇಶ ಮತ್ತು ಅವನ ಗೆಳೆಯ ಖಾಜಾಸಾಬ ನೀರಿಗಿಳಿದರು; ಸೆಳವು ಇಬ್ಬರನ್ನೂ ಎಳೆದೊಯ್ದಿತು. ಹನಮೇಶನ ಕೈಗೆ ಜಾಲಿಯ ಗಿಡವೊಂದು ಸಿಕ್ಕಿತು. ಖಾಜಾಸಾಬನಿಗೆ ಏನೂ ಸಿಗಲಿಲ್ಲ. ಊರಿಗೊಂದು ದೋಣಿ ಬೇಕು ಎಂದು ಹುಡುಗರೆಲ್ಲ ಸೇರಿ ತೀರ್ಮಾನಿಸಿದ್ದು ಆಮೇಲೆ. ಕೆರೆಯಲ್ಲಿ ಜನರನ್ನು ಕೂರಿಸಿಕೊಂಡು ಸುತ್ತು ಹಾಕಿಸುತ್ತಿದ್ದ ಅವರ ಸೋದರಮಾವ ಗುರುಶಿದ್ದಪ್ಪ, ಗುತ್ತಿಗೆ ಮುಗಿಯುತ್ತಲೇ, "ನನ್ನ ದೋಣಿ ಬ್ಯಾರೆದಾವರಿಗೆ ಯಾಕ, ನಮ್ಮ ಹುಡುಗ್ರಿಗೆ ಇರಲಿ," ಎಂದ. ನಡೆಸುವವನು ಹನಮೇಶನೇ. ಸೃಷ್ಟಿ ಬಸ್ಸಿನ ಸೀಟುಗಳನ್ನು ಫೈಬರಿನಲ್ಲಿ ಎರಕ ಹೊಯ್ಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಶಾಸ್ತ್ರಕ್ಕೊಮ್ಮೆ ನೋಡಲಿ ಎಂದು ಅಣ್ಣ ಕರೆತಂದಿದ್ದ. ಶಾಸ್ತ್ರಕ್ಕೆ, ಅಷ್ಟೇ.

ಆದರೆ ಅವಳಿಗೆ ಶಾಸ್ತ್ರಕ್ಕೆ ನೋಡಲು ಬರುತ್ತಿರಲಿಲ್ಲ. ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಂತು ಎಂಜಿನ್ನನ್ನು ಹೊರುವ ಹಲಗೆಯೇ ಎಲ್ಲ. ಹೊರಗೊಂದು ಫೈಬರಿನ ಪದರ, ಒಳಗೊಂದು, ನಡುವೆ ಪ್ಲೈವುಡ್. ಒಂದು ಸ್ಕ್ರೂ ಸಡಿಲಾದರೂ ಸಾಕು, ನೀರು ಒಳಹೊಕ್ಕು ಮರ ಕೊಳೆಯುತ್ತದೆ; ಹೊರಗೆ ಬಣ್ಣ ಮಿರಮಿರ ಮಿಂಚುತ್ತಲೇ ಇರುತ್ತದೆ. ಬಡಿದರೆ ಮಾತ್ರ ಕೊಳೆತಲ್ಲಿ ಟಣ್ ಎನ್ನದೆ ಮಂಕಾಗಿ ಸದ್ದಾಗುತ್ತದೆ. ನಿಂತ ನೀರಿನಲ್ಲಿ ಅಂಥ ಹಲಗೆ ವರ್ಷಗಟ್ಟಲೆ ತಡೆದೀತು. ಸೆಳವಿಗೆ ಎದುರಾಗಿ ಎಂಜಿನ್ ಏರಿಸಿದ ದಿನ ತಡೆಯುವುದಿಲ್ಲ. ಎಂಜಿನ್ ಹಲಗೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಆ ಬಾಯಿಯಿಂದ ಹಳ್ಳ ಒಳಗೆ ಬರುತ್ತದೆ.

ನಾಣ್ಯ ನಟ್ಟನಡುವಿಗೆ ಬಂತು. ಅಲ್ಲಿ, ಎಂಜಿನ್ನನ್ನು ಹಲಗೆಗೆ ಬಿಗಿದ ಹಿಡಿಕೆಯ ಕೆಳಗೆ, ಅಂಗೈಯಗಲದ ಮೂರು ವಿಭೂತಿ ಪಟ್ಟೆ, ಮೇಲೊಂದು ಕುಂಕುಮ. ಚೆಂಡುಹೂವಿನ ಮಾಲೆ ಇಳಿಬಿದ್ದಿತ್ತು.

"ಅಲ್ಲಿ ಬ್ಯಾಡವಾ," ಎಂದ ಗುರುಶಿದ್ದಪ್ಪ. "ಪೂಜಿ ಆಗೈತಿ."

ಅವಳ ಕೈ ತಾನಾಗಿಯೇ ಹಿಂದೆ ಬಂತು. ಬುದ್ಧಿಗಿಂತ ಮೊದಲು ಕೈಗೆ ಗೊತ್ತಿತ್ತು. ಖಂಡೆನವಮಿಯ ಆಯುಧಪೂಜೆಗೆ ಹೊಲಿಗೆ ಯಂತ್ರಕ್ಕೆ, ತಕ್ಕಡಿಗೆ, ಟ್ರ್ಯಾಕ್ಟರಿಗೆ ಬಳಿದ ವಿಭೂತಿಯನ್ನು ಅವರ ಮನೆಯಲ್ಲಿ ಯಾರೂ ಒರೆಸಿದವರಲ್ಲ. ಅದು ತಾನೇ ಅಳಿಯಬೇಕು.

ಆದರೆ ಖಂಡೆನವಮಿ ಹೋಗಿ ಎಷ್ಟು ಬಿಸಿಲು, ಎಷ್ಟು ಮಳೆ ಆಗಿತ್ತು! ಈ ಪಟ್ಟೆಗಳು ಈಗಷ್ಟೇ ಸುಣ್ಣ ಬಳಿದ ಗೋಡೆಯಂತಿದ್ದವು. ತುದಿಗೆ ಉಗುರು ತಾಗಿಸಿದಳು. ಇನ್ನೂ ಹಸಿ. ಟ್ರ್ಯಾಕ್ಟರಿಗಾದರೆ ಹಣೆಗೆ ಹಚ್ಚುತ್ತಾರೆ. ಇಲ್ಲಿ ಎಂಜಿನ್ನಿನ ಹಣೆ ಬರಿದಾಗಿತ್ತು.

"ಪೂಜಿ ಯಾವಾಗ ಮಾಡಿದ್ರಿ ಮಾವಾ?"

"ಮುಂಜಾನೆ. ಹೆಣ್ಣಮಗಳನ್ನ ಗಂಡನ ಮನಿಗೆ ಕಳಸೋ ಮುಂದ ಬರೇ ಹಣಿಲೆ ಕಳಸ್ತಾರೇನು?"

ಉತ್ತರ ಸರಿಯಾಗಿಯೇ ಇತ್ತು. ಹಳ್ಳದಿಂದ ಬದುಕಿ ಬಂದ ಅಣ್ಣ ಸತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನ ನೆಲಕ್ಕೆ ಟವೆಲ್ಲು ಹಾಸಿಕೊಂಡು ಮಲಗಿದ ಮನುಷ್ಯ ಇವನು. ಚಮಚೆಯಿಂದ ಗಂಜಿ ಕುಡಿಸಿದವನು. ಇವನ ಎದುರು, ಇವನು ಬಳಿದ ವಿಭೂತಿಯನ್ನು ಒರೆಸುವುದೆಂದರೆ ಮುಖಕ್ಕೆ ಹೊಡೆದಂತೆ.

"ಸಾಕ್ ಮಾಡು ಸೃಷ್ಟಿ," ಹನಮೇಶ ಗದರಿದ. "ಅಲ್ಲಿ ಮಂದಿ ಬುತ್ತಿ ಕಟಗೊಂಡು ನಿಂತಾರ. ಮಾವಾ ನಮಗ ಮೋಸ ಮಾಡ್ತಾರೇನು?"

ಗುರುಶಿದ್ದಪ್ಪ ನೀರು ನೋಡುತ್ತಿದ್ದ.

ಸೃಷ್ಟಿ ನಾಣ್ಯವನ್ನು ಜೇಬಿಗಿಳಿಸಿದಳು. "ಆತು. ಒರಸೂದು ಬ್ಯಾಡ, ಬಡಿಯೂದೂ ಬ್ಯಾಡ. ದೋಣಿ ತಿರುವ್ರಿ. ಮೂತಿ ದಂಡಿ ಕಲ್ಲಿಗೆ ಒತ್ತಿ ನಿಲ್ಲಲಿ. ಅಣ್ಣಾ, ನೀ ಹತ್ತಿ ಎಂಜಿನ್ ಪೂರಾ ಏರಸು. ದೋಣಿ ಮುಂದ ಹೋಗಾಕ ಆಗಂಗಿಲ್ಲ, ಎಲ್ಲಾ ಭಾರ ಹಲಗೀ ಮ್ಯಾಲೆ ಬೀಳ್ತೈತಿ. ಹಳ್ಳದಾಗ ಬಿದ್ದಂಗ."

"ಅದ್ಯಾಕ ಬೇಕವಾ ಈಗ?" ಗುರುಶಿದ್ದಪ್ಪನ ದನಿ ಸಣ್ಣಗಾಯಿತು.

"ಛಲೋ ಇದ್ರ ಏನೂ ಆಗಂಗಿಲ್ಲಲ್ರಿ."

ಹನಮೇಶ ಹತ್ತಿದ. ಹೋದ ವರ್ಷದ ಆ ಮಳೆಯ ಬಳಿಕ ಅವನು ನೀರಿಗೆ ಕಾಲಿಟ್ಟಿರಲಿಲ್ಲ. ಅಂಚು ಬಿಡದೆ ಹಿಡಿದುಕೊಂಡೇ ಎಂಜಿನ್ನಿನ ಹತ್ತಿರ ಸರಿದ. ಸೃಷ್ಟಿ ಪಕ್ಕಕ್ಕೆ ಸರಿದು ಮೊಳಕಾಲುದ್ದ ನೀರಿನಲ್ಲಿ ನಿಂತಳು. ಎಂಜಿನ್ ಕೆಮ್ಮಿ ಹೊತ್ತಿಕೊಂಡಿತು. ಕೆಳಗಿನ ರಾಡಿ ಎದ್ದು ನೀರು ಕೆಂಪಾಯಿತು. ಮಾಲೆ ನಡುಗತೊಡಗಿತು. ಅವನು ಇನ್ನಷ್ಟು ಏರಿಸಿದ. ನಡುವಿನ ಪಟ್ಟೆಯಲ್ಲಿ ಕೂದಲೆಳೆಯಂಥ ಗೆರೆಯೊಂದು ಮೂಡಿ ಬಾಯಿ ಬಿಟ್ಟಿತು, ಮುಚ್ಚಿತು, ಮತ್ತೆ ಬಿಟ್ಟಿತು. ಅವಳು ಕೈಯೆತ್ತುವ ಮೊದಲೇ ಹಿಂದಿನಿಂದ ಕೂಗು ಬಂತು.

"ಬಂದ್ ಮಾಡೋ! ಹನಮ್ಯಾ, ಬಂದ್ ಮಾಡು! ಇಳಿ ಮೊದಲ ಕೆಳಗ!"

ಗುರುಶಿದ್ದಪ್ಪ ಧೋತರದ ಸಮೇತ ನೀರಿಗೆ ನುಗ್ಗಿ ದೋಣಿಯ ಅಂಚನ್ನು ತಬ್ಬಿ ಹಿಡಿದಿದ್ದ, ಓಡಿಹೋಗುವ ದನವನ್ನು ಹಿಡಿದಂತೆ.

ಎಂಜಿನ್ ನಿಂತಿತು. ಕೆರೆಯ ಮೇಲೆ ಅದರ ಹೊಗೆಯಷ್ಟೇ ಉಳಿಯಿತು.

"ಕೆರ್ಯಾಗ ಏನೂ ಆಗಿರಲಿಲ್ಲೋ," ಎಂದ ಅವನು, ಯಾರ ಮುಖವನ್ನೂ ನೋಡದೆ. "ಹಳ್ಳಾ ಬರೂದು ವರ್ಷಕ್ಕೊಮ್ಮೆ. ಅಷ್ಟು ತಡೀತೈತಿ ಅಂತ ನನಗ ನಾನ ಹೇಳಕೊಂಡೆ."

ಹೆಗಲ ಟವೆಲ್ಲು ತೆಗೆದು ನೀರಿನಲ್ಲಿ ಅದ್ದಿ, ತಾನೇ ಪಟ್ಟೆಗಳನ್ನು ಒರೆಸಿದ. ಹಿಡಿಕೆಯ ಬೋಲ್ಟಿನಿಂದ ಮೂಲೆಯವರೆಗೆ ಬಿರುಕು ಓರೆಯಾಗಿ ಇಳಿದಿತ್ತು. ಸೃಷ್ಟಿ ಒಳಬದಿಯ ಸ್ಕ್ರೂವೊಂದಕ್ಕೆ ನಾಣ್ಯ ಹಚ್ಚಿ ತಿರುಗಿಸಿದಳು. ಅದು ಹಿಡಿತವೇ ಇಲ್ಲದೆ ಹೊರಬಂತು. ಜೊತೆಗೆ ನೆನೆದ ಹಿಂಡಿಯಂಥ ಕಪ್ಪು ಮುದ್ದೆ, ಹಳಸಿದ ವಾಸನೆ.

ಹನಮೇಶ ಇನ್ನೂ ದೋಣಿಯಲ್ಲೇ ಕುಳಿತಿದ್ದ. ಮಾವನತ್ತ ತಿರುಗಲಿಲ್ಲ. "ರಿಪೇರಿ ಆಗ್ತೈತೇನು?"

"ಹಲಗಿ ಪೂರಾ ಕಿತ್ತು ಹೊಸಾದು ಕೂಡಸಬೇಕು. ಆಗ್ತೈತಿ. ಈ ಮಳಿಗೆ ಆಗೂದಿಲ್ಲ."

ಸುಳ್ಳದ ಕಡೆಗೆ ಮಿಂಚಿತು. ಜೇಬಿನಲ್ಲಿ ಫೋನ್ ನಡುಗಿತು. ಸಾವಕ್ಕ.

"ಏನವಾ ಸೃಷ್ಟಿ, ತೊಗೊಂಡ್ರೇನು? ದೋಣಿ ಬರಾಕತ್ತೈತಿ ಅಂತ ಇವರೆಲ್ಲ ಧೈರ್ಯ ಮಾಡಿ ನಿಂತಾರ. ಹೊಂಡೂದಾ?"

ಸೃಷ್ಟಿ ಅಂಗೈಯಲ್ಲಿದ್ದ ಕಪ್ಪು ಮುದ್ದೆಯನ್ನು ನೋಡಿದಳು.

"ಬ್ಯಾಡ ಅತ್ತಿ. ದೋಣಿ ಇಲ್ಲ. ಇವತ್ತ ಒಬ್ಬರೂ ದಾಟಬ್ಯಾಡ್ರಿ."

"ಅಯ್ಯ, ಕಳೆ ಮೊಳಕಾಲಮಟ ಬೆಳದೈತಲ್ಲ!"

"ಬೆಳೀಲಿ."

ಸಾವಕ್ಕ ಫೋನಿನಿಂದ ಮುಖ ತಿರುಗಿಸಿ ಗಂಟಲೆತ್ತಿ ಕೂಗಿದ್ದು ಕೇಳಿಸಿತು.

"ಬುತ್ತಿ ಇಳಸ್ರೇ! ಇವತ್ತ ಹಳ್ಳಾ ದಾಟೂದಿಲ್ಲ!"