ಆಟಿಗೊಂದು ಅಕ್ಕಿಮುಡಿ

ಜೋಗದಲ್ಲಿ ನೀರು ಎಷ್ಟುಂಟು ಎಂದು ನನ್ನ ಅಮ್ಮನಷ್ಟು ಆಸೆಯಿಂದ ವಿಚಾರಿಸಿದವರು ಮೂಡಬಿದಿರೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅವಳು ಜೋಗವನ್ನು ನೋಡಿದವಳಲ್ಲ. ನಮ್ಮ ಮನೆಯಲ್ಲಿ ಲೈಟು ಇರಲಿಲ್ಲ. ಆದರೂ ತಿಂಗಳಿಗೊಮ್ಮೆ ಲೈನ್‌ಮ್ಯಾನ್ ಹನೀಫಾ ಕರೆಂಟು ಕಡಿತದ ಆಜ್ಞೆ ಹಿಡಿದುಕೊಂಡು ಅಕ್ಕಿ ಮಿಲ್ಲಿಗೆ ಬಂದರೆ, ಹಿಂತಿರುಗುವಾಗ ಅವನ ಸೈಕಲ್ಲಿಗೆ ಅಡ್ಡ ನಿಂತು ಕೇಳುತ್ತಿದ್ದಳು.

"ನೀರು ಇಳಿಯಿತಾ ಹನೀಫಾ?"

"ಇಳಿದಿದೆ ಪೂವಕ್ಕ. ಈ ತಿಂಗಳು ಇನ್ನೂ ಕಡಿಮೆ."

ಅವಳ ಮುಖ ಅರಳುತ್ತಿತ್ತು. ಮಳೆಗಾಗಿ ಬಸದಿಯಲ್ಲಿ ಅಭಿಷೇಕ, ಮಸೀದಿಯಲ್ಲಿ ದುವಾ ನಡೆಯುತ್ತಿದ್ದ ಬೇಸಗೆ ಅದು. ನನ್ನ ಅಮ್ಮ ಮಾತ್ರ ಕಲ್ಲುರ್ಟಿ ದೈವದ ಕಲ್ಲಿನ ಮುಂದೆ ಎಣ್ಣೆ ಇಟ್ಟು, ಮಳೆಯನ್ನು ಸ್ವಲ್ಪ ತಡ ಮಾಡು ತಾಯಿ ಎಂದು ಬೇಡಿಕೊಳ್ಳುತ್ತಿದ್ದಳು. ಊರಿನವರ ಕಿವಿಗೆ ಬಿದ್ದಿದ್ದರೆ ಅವಳಿಗೆ ಉಳಿಗಾಲ ಇರುತ್ತಿರಲಿಲ್ಲ.

ಅವಳ ಕಸುಬು ಭತ್ತ ಕುಟ್ಟುವುದು. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದ್ದು ಅವಳ ಒನಕೆ. ಊರಿನ ದೊಡ್ಡ ಜಮೀನಿನವರು ಅನಂತಮತಿ ಅಮ್ಮ; ಅವರ ಮನೆಯ ಭತ್ತವೆಲ್ಲ ನಮ್ಮ ಅಂಗಳದ ಒರಳಿಗೇ ಬರುತ್ತಿತ್ತು. ಕುಟ್ಟಿದ್ದರಲ್ಲಿ ಒಂದು ಪಾಲು ಅಕ್ಕಿ ಕೂಲಿ, ಜೊತೆಗೆ ನುಚ್ಚು, ತೌಡು. ಆಮೇಲೆ ಅನಂತಮತಿ ಅಮ್ಮನ ಮಗ ಧರ್ಮಪಾಲ ಕರೆಂಟಿನ ಮಿಲ್ಲು ಹಾಕಿಸಿದರು. ಉದ್ಘಾಟನೆಯ ದಿನ ಯಾರೋ ದೊಡ್ಡವರು ಬಂದು, ಇನ್ನು ನಮ್ಮ ಹೆಂಗಸರ ಕೈಗಳಿಗೆ ವಿಶ್ರಾಂತಿ ಎಂದು ಭಾಷಣ ಮಾಡಿದರು. ವಿಶ್ರಾಂತಿ ಸಿಕ್ಕಿತು. ಕೈಗೂ ಹೊಟ್ಟೆಗೂ ಒಟ್ಟಿಗೇ ಸಿಕ್ಕಿತು.

ಅದಾಗಿ ಎರಡು ವರ್ಷಕ್ಕೆ, ಅರುವತ್ತರ ದಶಕದ ನಡುವೆ, ಒಂದು ಮಳೆಗಾಲ ಕೈಕೊಟ್ಟಿತು. ಮರುವರ್ಷ ಬೇಸಗೆ ಬರುವಾಗ ನಮ್ಮ ಕಡೆಗೆ ಕರೆಂಟು ಕೊಡುವ ಜೋಗದ ಅಣೆಕಟ್ಟು ಬತ್ತತೊಡಗಿತು. ನನಗೆ ಮದುವೆಯಾದದ್ದು ಆ ಬೇಸಗೆಯ ಬಾಗಿಲಲ್ಲಿ.

ನನ್ನನ್ನು ಕೊಟ್ಟದ್ದು ಬೆಳ್ತಂಗಡಿಯ ಆಚೆ, ಚಾರ್ಮಾಡಿ ರಸ್ತೆಯ ಒಂದು ಮನೆಗೆ. ಗಂಡ ಕುಶಾಲಪ್ಪ ಕೆಟ್ಟವನಲ್ಲ. ತಾಯಿಯ ಎದುರು ಬಾಯಿ ಇಲ್ಲದವನು, ಅಷ್ಟೇ. ಹೊಸ ವರ್ಷದ ಬಿಸು ಹಬ್ಬಕ್ಕೆ ನಾನು ತವರಿಗೆ ಹೋಗಿ ಎರಡು ದಿನ ಇದ್ದು ಬಂದಾಗ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಗಂಜಿನೀರು ಕುಡಿಸಿ ಕಳಿಸಿದ್ದಾ ನಿನ್ನ ಅಮ್ಮ? ಇನ್ನು ಆಟಿ ಬರ್ತದೆ. ಇಡೀ ತಿಂಗಳು ಏನು ತಿನ್ನಿಸ್ತಾಳಂತೆ?"

ನಮ್ಮಲ್ಲಿ ಮದುವೆಯಾದ ಹೆಣ್ಣು ಮೊದಲ ಆಟಿ ತಿಂಗಳನ್ನು ತವರಲ್ಲಿ ಕುಳಿತು ಕಳೆಯಬೇಕು. ಹೊರಗೆ ಬಿಡದೆ ಸುರಿಯುವ ಮಳೆ. ಕೆಲಸ ಇಲ್ಲ, ಕೂಲಿ ಇಲ್ಲ, ಊರಿಗೆ ಊರೇ ಕೆಸುವಿನ ಎಲೆ ಬೇಯಿಸಿ ತಿನ್ನುವ ತಿಂಗಳು. ಆ ತಿಂಗಳಲ್ಲೇ ಮಗಳನ್ನು ಕರೆಸಿ ಉಣ್ಣಿಸಬೇಕೆಂದು ಯಾವ ಪುಣ್ಯಾತ್ಮ ಕಟ್ಟುಮಾಡಿದನೋ, ಅವನ ಮನೆಯಲ್ಲಿ ಅಕ್ಕಿ ಯಥೇಚ್ಛ ಇದ್ದಿರಬೇಕು.

ಅತ್ತೆಯ ಮಾತು ಅಲ್ಲಿಗೆ ನಿಲ್ಲಲಿಲ್ಲ. "ಅವಳ ಅಟ್ಟದಲ್ಲಿ ಒಂದು ಮುಡಿ ಅಕ್ಕಿ ಇರುವುದನ್ನು ನನ್ನ ಮಗ ಕಣ್ಣಾರೆ ನೋಡಿ ಬರಲಿ. ಮತ್ತೆ ಕಳಿಸ್ತೇನೆ. ಮೊದಲ ಆಟಿಗೆ ಕರೆಯಲಿಕ್ಕೆ ಗತಿ ಇಲ್ಲದ ಮನೆಗೆ ನೀನು ಆಮೇಲೂ ಹೋಗುವುದು ಬೇಡ."

ಅತ್ತೆ ಹೇಳಿದರೆ ಹೇಳಿದ್ದೇ. ಆ ಮಾತು ಬಸ್ಸು ಹತ್ತಿ ಅಮ್ಮನ ಕಿವಿಗೂ ಹೋಯಿತು. ಹದಿನಾಲ್ಕು ಸೇರಿಗೆ ಒಂದು ಕಳಸೆ; ಅಂಥ ಮೂರು ಕಳಸೆ ಅಕ್ಕಿ ಸೇರಿಸಿ ಬೈಹುಲ್ಲಿನಲ್ಲಿ ಗುಂಡಗೆ ಬಿಗಿದರೆ ಒಂದು ಮುಡಿ. ಅಮ್ಮನ ಹತ್ತಿರ ಆಗ ಮೂರು ಸೇರೂ ಇರಲಿಲ್ಲ.

ಮುಂದಿನದ್ದು ನನಗೆ ಅಮ್ಮ ಹೇಳಿದ್ದಲ್ಲ. ಕೆಲವನ್ನು ಹನೀಫಾ ಹೇಳಿದ, ಕೆಲವನ್ನು ಎಷ್ಟೋ ವರ್ಷದ ಮೇಲೆ ಅನಂತಮತಿ ಅಮ್ಮನೇ ಕಣ್ಣೊರೆಸಿಕೊಳ್ಳುತ್ತ ಹೇಳಿದರು.

ಬಿಸುವಿಗೆ ಮೊದಲೇ, ಸುಗ್ಗಿ ತಿಂಗಳಲ್ಲಿ, ಮಿಲ್ಲುಗಳಿಗೆ ಕಾಲುಪಾಲು ಕರೆಂಟು ಕಡಿತವಾಗಿತ್ತು. ಧರ್ಮಪಾಲರ ಮಿಲ್ಲಿನಲ್ಲಿ ಉಳಿದುಹೋದ ಒಂದಿಷ್ಟು ಭತ್ತ ಅಮ್ಮನ ಅಂಗಳಕ್ಕೆ ಬಂತು. ಬಿಸುವಿನಿಂದ ಶುರುವಾಗುವ ಪಗ್ಗು ತಿಂಗಳಲ್ಲಿ ನೀರು ಇನ್ನೂ ಇಳಿಯಿತು, ಕಡಿತ ಅರ್ಧಕ್ಕೇರಿತು, ಭತ್ತ ಗಾಡಿಯಲ್ಲಿ ಬರತೊಡಗಿತು. ಚಹಾದಂಗಡಿಯಲ್ಲಿ ಗಂಡಸರು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ನಮ್ಮ ಕರೆಂಟನ್ನು ಪಕ್ಕದ ರಾಜ್ಯಕ್ಕೆ ಮಾರಿಬಿಟ್ಟಿದ್ದಾರಂತೆ, ಕೊಟ್ಟ ಮಾತಿಗೆ ಈಗ ತಪ್ಪುವ ಹಾಗಿಲ್ಲವಂತೆ, ಬೆಂಗಳೂರಿನ ಕಾರ್ಖಾನೆಗಳಿಗೆ ಎಷ್ಟು ಕೊಟ್ಟರೂ ಸಾಲದಂತೆ. ಅಮ್ಮ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಾರಲಿ, ಎಲ್ಲ ಮಾರಲಿ ಎಂದು ಅವಳ ಮನಸ್ಸು.

ಪಗ್ಗು ಕಳೆದು ಬೇಶ ತಿಂಗಳಿಗೆ ಹನೀಫಾ ತಂದ ಆಜ್ಞೆ ಬೇರೆ ಥರದ್ದು. ಹಗಲು ಮಿಲ್ಲುಗಳಿಗೆ ಕರೆಂಟೇ ಇಲ್ಲ. ಲೈಟು ಉರಿಸುವವರೆಲ್ಲ ಮಲಗಿದ ಮೇಲೆ, ರಾತ್ರಿ ಹತ್ತರಿಂದ ಬೆಳಗಿನವರೆಗೆ ಮಾತ್ರ ಓಡಿಸಬಹುದು.

ಮಿಲ್ಲಿನ ಮನೆಯವರು ಜೈನರು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ಅನಂತಮತಿ ಅಮ್ಮ ಮಗನನ್ನು ಕರೆದು, ರಾತ್ರಿ ಮಿಲ್ಲು ಬೇಡ ಎಂದರು.

"ಬಂಟ್ವಾಳದ ಮಿಲ್ಲುಗಳೆಲ್ಲ ರಾತ್ರಿಯೇ ಓಡ್ತಾ ಉಂಟಲ್ಲ ಅಮ್ಮ?"

"ಓಡಲಿ. ಆ ದೊಡ್ಡ ಬಲ್ಬಿಗೆ ಮುತ್ತುವ ಹುಳವೆಲ್ಲ ಭತ್ತದ ಜೊತೆ ಅರೆದು ಹೋಗ್ತದೆ. ಆ ಪಾಪದ ಅನ್ನ ನನಗೆ ಬೇಡ. ಪೂವಕ್ಕ ಹಗಲು ಕುಟ್ಟಲಿ."

ಧರ್ಮಪಾಲರು ತಾಯಿಯ ಮಾತು ಮೀರಲಿಲ್ಲ. ಊರಿನಲ್ಲಿ ಅಕ್ಕಿಗೆ ಹಾಹಾಕಾರ ಇರುವಾಗ ಮಿಲ್ಲಿಗೆ ಬೀಗ ಹಾಕಿ ಕುಳಿತರು. ಭತ್ತ ಪೂರ್ತಿಯಾಗಿ ಅಮ್ಮನ ಪಾಲಿಗೆ ಬಂತು. ಅನಂತಮತಿ ಅಮ್ಮ ಹಾಕಿದ್ದು ಒಂದೇ ಶರತ್ತು: ಸೂರ್ಯ ಮುಳುಗಿದ ಮೇಲೆ ಒನಕೆ ಮುಟ್ಟಬಾರದು. ಅಮ್ಮ ಒರಳು ಮುಟ್ಟಿ ಮಾತು ಕೊಟ್ಟಳು.

ಅವಳು ಕುಟ್ಟಿದ್ದೇ ಕುಟ್ಟಿದ್ದು. ಕೂಲಿಯ ಅಕ್ಕಿಯಲ್ಲಿ ಒಂದು ಹಿಡಿಯನ್ನೂ ತಾನು ಬೇಯಿಸಲಿಲ್ಲ. ನುಚ್ಚು ಇದ್ದ ದಿನ ನುಚ್ಚಿನ ಗಂಜಿ, ಇಲ್ಲದ ದಿನ ತೌಡಿನ ರೊಟ್ಟಿ. ಮಣ್ಣಿನ ಮಡಕೆಯಲ್ಲಿ ಒಂದು ಕಳಸೆ ತುಂಬುವಷ್ಟರಲ್ಲಿ ಬೇಶ ಮುಗಿಯುತ್ತ ಬಂತು. ಇನ್ನು ಎರಡು ಕಳಸೆ ಬೇಕು. ಅಷ್ಟರಲ್ಲಿ ಒಂದು ಸಂಜೆ ಪಡುವಣದಲ್ಲಿ ಗುಡುಗಿ, ಅಂಗಳದಲ್ಲಿ ನಾಲ್ಕು ಹನಿ ಬಿತ್ತು. ಅಮ್ಮನ ಎದೆ ಒಡೆದುಹೋಯಿತು.

ಮರುದಿನ ಹನೀಫಾನನ್ನು ತಡೆದಾಗ ಅವನು ನಗುತ್ತಿದ್ದ. "ಘಟ್ಟದಲ್ಲಿ ಮಳೆ ಹಿಡೀತು ಪೂವಕ್ಕ! ಜೋಗಕ್ಕೆ ನೀರು ಬಂದರೆ ಮುಂದಿನ ಕಾರ್ತೆಲ್ ತಿಂಗಳು ಮುಗಿಯುವುದರೊಳಗೆ ಹಗಲಿನ ಕಡಿತ ತೆಗೀತಾರೆ. ಇನ್ನು ಹೆದರಿಕೆ ಇಲ್ಲ."

"ಎರಡು ತಿಂಗಳಾದರೂ ಹೋಗಲಿಕ್ಕಿಲ್ಲವಾ ಹನೀಫಾ?"

"ಎಂಥ ಹೇಳ್ತೀರಿ ಮಾರಾಯ್ತಿ? ಜನ ಸಾಯ್ತಾ ಇದ್ದಾರೆ."

ಅವನು ಹೋದ ಮೇಲೆ ಅಮ್ಮ ಒನಕೆ ಹಿಡಿದು ಅಲ್ಲೇ ನಿಂತಿದ್ದಳಂತೆ. ಹಗಲಷ್ಟೇ ಕುಟ್ಟಿದರೆ ಮುಡಿ ತುಂಬುವುದಿಲ್ಲ ಎಂದು ಅವಳಿಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಆ ದಿನದಿಂದ ಅವಳು ಒರಳಿನ ಪಕ್ಕದಲ್ಲಿ ಬುಡ್ಡಿ ದೀಪ ಇಟ್ಟುಕೊಂಡು, ಕತ್ತಲಾದ ಮೇಲೂ ಕುಟ್ಟತೊಡಗಿದಳು. ಸದ್ದು ಕೇಳಬಾರದೆಂದು ಒರಳಿನ ಬಾಯಿಗೆ ಹಳೆಯ ಗೋಣಿ ಸುತ್ತಿದಳು. ಸದ್ದಿನದ್ದೇನೋ ಯೋಚನೆ ಮಾಡಿದಳು, ಬೆಳಕಿನದ್ದು ಹೊಳೆಯಲಿಲ್ಲ. ಮೊದಲ ಮಳೆಗೆ ನೆಲದಿಂದ ಏಳುವ ರೆಕ್ಕೆಯ ಹುಳಗಳು ದೀಪ ಎಲ್ಲಿ ಕಂಡರೆ ಅಲ್ಲಿ ಮುಗಿಬೀಳುತ್ತವೆ. ಕೇರಿದಾಗ ಎಷ್ಟೋ ಹಾರಿಹೋಯಿತು. ಎಷ್ಟೋ ಅಕ್ಕಿಯಲ್ಲೇ ಉಳಿಯಿತು.

ಅನಂತಮತಿ ಅಮ್ಮ ಅಕ್ಕಿ ಆರಿಸದೆ ಒಲೆಗೆ ಇಡುವವರಲ್ಲ. ಗೆರಸೆಯಲ್ಲಿ ಅಕ್ಕಿ ಹರಡಿ ಬೆರಳಾಡಿಸುವಾಗ ಒಂದು ರೆಕ್ಕೆ ಸಿಕ್ಕಿತು. ಮತ್ತೊಂದು ಸಿಕ್ಕಿತು. ಅವರು ಗೆರಸೆಯನ್ನು ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಬಂದರು. ಅವರು ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು.

"ಪೂವಕ್ಕ, ಇದು ಹಗಲಿನ ಹುಳ ಅಲ್ಲ."

ಅಮ್ಮ ಒನಕೆಯನ್ನು ಗೋಡೆಗೆ ಒರಗಿಸಿದಳು.

"ರಾತ್ರಿ ಕುಟ್ಟಿದ್ದು ಹೌದಾ?"

"ಹೌದು ಅಮ್ಮ."

"ಈ ಜೀವಗಳಿಗಾಗಿ ಅಲ್ವಾ ನಾನು ಮಗನ ಮಿಲ್ಲಿಗೆ ಬೀಗ ಹಾಕಿಸಿದ್ದು? ಊರಿನವರ ಬೈಗಳು ತಿಂದದ್ದು?"

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಅಮ್ಮನೂ ಎರಡು ಮಾತು ಆಡುತ್ತಿದ್ದಳೋ ಏನೋ. ಆ ದಿನ ಅನಂತಮತಿ ಅಮ್ಮ ಉಪವಾಸ ಮಾಡಿದರು. ಮಗನನ್ನು ಕರೆದು, ನಿನ್ನ ಇಷ್ಟದ ಹಾಗೆ ಮಾಡು, ನಾನು ಇನ್ನು ಹೇಳುವುದಿಲ್ಲ ಎಂದರು. ಅದೇ ರಾತ್ರಿ ಮಿಲ್ಲಿನ ಬಲ್ಬು ಹೊತ್ತಿತು. ಬೆಳಗಾಗುವಾಗ ಆಳುಗಳು ಬಂದು, ಅಂಗಳದಲ್ಲಿ ಉಳಿದಿದ್ದ ಭತ್ತವನ್ನು ಗಾಡಿಗೆ ಏರಿಸಿಕೊಂಡು ಹೋದರು.

ಮಗಳ ಆಟಿಗೆ ಎಂದು ಒಂದು ಮಾತು ಹೇಳಬಾರದಿತ್ತಾ? ಹೇಳಿದ್ದರೆ ಅನಂತಮತಿ ಅಮ್ಮ ಎರಡು ಕಳಸೆ ಅಳೆದು ಕೊಡದೆ ಇರುತ್ತಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಅಮ್ಮನ ಮೇಲೆ ಸಿಟ್ಟು ಬರುತ್ತದೆ. ಆದರೆ ಕುಟ್ಟಿ ತಿಂದವಳು ಅವಳು. ಮಾತು ತಪ್ಪಿ ಸಿಕ್ಕಿಬಿದ್ದ ಬಾಯಿಯಲ್ಲೇ ಬೇಡುವುದು ಅವಳಿಂದ ಆಗಲಿಲ್ಲ.

ಆಟಿಗೆ ಮುಂಚೆ, ಕಾರ್ತೆಲ್ ಮುಗಿಯುವ ಹೊತ್ತಿಗೆ ನನ್ನ ಗಂಡ ಮೂಡಬಿದಿರೆಗೆ ಹೋಗಿ ಬಂದ. ಜಗಲಿಯಲ್ಲಿ ಕೊಡೆ ಒರಗಿಸಿ ತಾಯಿಗೆ ವರದಿ ಒಪ್ಪಿಸಿದ.

"ಅಟ್ಟದಲ್ಲಿ ಮುಡಿ ಉಂಟು ಅಮ್ಮ. ಏಣಿ ಹತ್ತಿ ನೋಡಿದೆ. ಒಳ್ಳೆ ಗುಂಡಗೆ ಕಟ್ಟಿದ್ದಾರೆ."

ನಾನು ಒಳಗೆ ಓಡಿ, ಮೊದಲೇ ಕಟ್ಟಿಟ್ಟಿದ್ದ ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟೆ. ನನ್ನ ಅಮ್ಮ ಗೆದ್ದಳು ಎಂದುಕೊಂಡೆ.

ಆಟಿಗೆ ತವರು ಸೇರಿದಾಗ ಜೋಗ ತುಂಬಿ, ಕಡಿತ ಪೂರ್ತಿ ಹೋಗಿತ್ತು. ಮಿಲ್ಲು ಹಗಲೂ ಓಡುತ್ತಿತ್ತು. ಅದರ ಹಿಂದೆ ಉಮಿಯ ರಾಶಿ ಮಳೆಯಲ್ಲಿ ನೆನೆದು ಕಪ್ಪಗಾಗಿತ್ತು. ಅದನ್ನು ಯಾರು ಬೇಕಾದರೂ ಬಾಚಿಕೊಂಡು ಹೋಗಬಹುದಿತ್ತು. ಅಮ್ಮನ ಕೆನ್ನೆಯ ಎಲುಬು ಎದ್ದಿತ್ತು. ಕೇಳಿದರೆ, ಮಳೆಗಾಲದಲ್ಲಿ ನಾನು ಯಾವಾಗಲೂ ಹೀಗೆಯೇ ಎಂದು ನಕ್ಕಳು.

ದಿನಾ ನನಗೆ ಬಿಸಿ ಅನ್ನ. ಅಮ್ಮ ಮಾತ್ರ ನನ್ನ ಜೊತೆ ಕೂರುತ್ತಿರಲಿಲ್ಲ. "ನಾನು ಆಗಲೇ ಉಂಡೆ" ಎನ್ನುತ್ತಿದ್ದಳು. ಇಲ್ಲವೇ, ನನಗೆ ಸೊಪ್ಪಿನ ಪಲ್ಯವೇ ಸಾಕು, ಅನ್ನ ಸೇರುವುದಿಲ್ಲ ಎನ್ನುತ್ತಿದ್ದಳು. ಮಡಕೆಯ ಅಕ್ಕಿ ಮೊದಲು ಮುಗಿಯಲಿ, ಆಮೇಲೆ ಮುಡಿ ಬಿಚ್ಚುವ ಎಂದೂ ಹೇಳಿದ್ದಳು. ನಾನು ನಂಬಿದೆ. ಗಂಡನ ಮನೆಯಲ್ಲಿ ಅಳತೆ ಮಾಡಿ ಬಡಿಸಿದ್ದನ್ನು ಉಂಡು ಬಂದವಳು, ಹೊಟ್ಟೆತುಂಬ ಉಂಡೆ. ಎರಡನೆಯ ಸಲವೂ ಹಾಕಿಸಿಕೊಂಡೆ.

ಒಂದು ಬೆಳಗ್ಗೆ ಅಮ್ಮ ಮಳೆಗೆ ಓಲೆಯ ಗೊರಬೆ ಹೊದ್ದು ಸೊಪ್ಪು ಕೊಯ್ಯಲು ಗುಡ್ಡೆಗೆ ಹೋಗಿದ್ದಳು. ಅನ್ನಕ್ಕೆ ಇಡೋಣವೆಂದು ಮಡಕೆಗೆ ಕೈ ಹಾಕಿದರೆ ತಳ ಗೀರಿತು. ಅವಳು ಬರುವುದರೊಳಗೆ ಮುಡಿ ಇಳಿಸಿ ಬಿಚ್ಚಿಡುವ ಎಂದು ಏಣಿ ಹತ್ತಿದೆ. ಮುಡಿಯ ಭಾರ ನನಗೆ ಗೊತ್ತು, ಚಿಕ್ಕಂದಿನಿಂದ ನೋಡಿದವಳು. ಸೊಂಟ ಬಿಗಿದು, ಹಲ್ಲು ಕಚ್ಚಿ, ಎರಡೂ ತೋಳಲ್ಲಿ ತಬ್ಬಿ ಎತ್ತಿದೆ.

ಅದು ದಿಂಬಿನ ಹಾಗೆ ಮೇಲೆ ಬಂತು. ನಾನು ಏಣಿಯಿಂದ ಹಿಂದಕ್ಕೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

ಹುಲ್ಲಿನ ನಡುವೆ ಬೆರಳು ತೂರಿಸಿದೆ. ಉಮಿ. ಇನ್ನೂ ಆಳಕ್ಕೆ ತೂರಿಸಿದೆ. ಬರೀ ಉಮಿ. ಅಟ್ಟದ ಹಲಗೆಯ ಮೇಲೆ ಕುಳಿತು, ಎರಡನೆಯ ಸಲ ಹಾಕಿಸಿಕೊಂಡ ಒಂದೊಂದು ಊಟವನ್ನೂ ನೆನೆದುಕೊಂಡೆ. ನನ್ನ ಹೊಟ್ಟೆಗೆ ಹೊಡೆದುಕೊಂಡೆ. ಆಮೇಲೆ ಮುಡಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಕೆಳಗೆ ಉದುರಿದ್ದ ಉಮಿಯನ್ನು ಗುಡಿಸಿ ಒಲೆಗೆ ಹಾಕಿದೆ.

ಅಮ್ಮ ನೆನೆದ ಸೊಪ್ಪನ್ನು ಮಡಿಲಲ್ಲಿ ಹಿಡಿದು ಬಂದಳು.

"ಅಮ್ಮ, ನಾಳೆ ನಾನು ಹೋಗ್ತೇನೆ."

"ಎಲ್ಲಿಗೆ? ಆಟಿ ಅರ್ಧವೂ ಆಗಲಿಲ್ಲವಲ್ಲ!"

"ಅವರನ್ನು ಬಿಟ್ಟು ಇರಲಿಕ್ಕೆ ಆಗುವುದಿಲ್ಲ ಅಮ್ಮ."

"ನಾಚಿಕೆ ಉಂಟಾ ನಿನಗೆ? ಗಂಡನ ಮೇಲೆ ಇಷ್ಟು ಆಸೆಯಾ!" ಎಂದು ಅಮ್ಮ ನನ್ನ ಕೆನ್ನೆ ಹಿಂಡಿದಳು. ಅವಳ ಕಣ್ಣಲ್ಲಿ ಬೇಸರ ಇತ್ತು. ಅದರ ಹಿಂದೆಯೇ, ಮಡಕೆಯ ತಳ ಗೊತ್ತಿದ್ದವಳ ಒಂದು ನಿಟ್ಟುಸಿರೂ ಹೊರಬಿತ್ತು. ಅದು ನನಗೆ ಕೇಳಿಸಬಾರದಿತ್ತು.

ಆ ದಿನ ಉಳಿದಿದ್ದ ಅಕ್ಕಿಯಲ್ಲಿ ಗಂಜಿ ಮಾಡಿ, ಹಟ ಹಿಡಿದು ಅವಳನ್ನೂ ಕೂರಿಸಿದೆ. ಅವಳು ಬಟ್ಟಲನ್ನು ಬೆರಳಲ್ಲಿ ಬಳಿದು ಉಂಡಳು. ಮರುದಿನ ನನ್ನ ಗಂಟನ್ನು ಬಾಗಿಲವರೆಗೆ ಹೊತ್ತು ತಂದವಳು ಒಮ್ಮೆ ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

"ಮುಡಿ ಬಿಚ್ಚಲೇ ಇಲ್ಲ ನೋಡು," ಎಂದಳು.

"ಬಿಚ್ಚಬೇಡ ಅಮ್ಮ," ಎಂದೆ. "ಹಾಗೆಯೇ ಇರಲಿ. ಮುಂದಿನ ಆಟಿಗೂ ಅವರು ನೋಡಲಿಕ್ಕೆ ಬರ್ತಾರಲ್ಲ."