ಡಬ್ಬಿಯ ನೀರು

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಸಮುದ್ರದ ಹುಚ್ಚು ಹಿಡಿಸಿಕೊಂಡವನಿಗೆ ಯಾರು ಏನು ಹೇಳಲಿಕ್ಕಾಗುತ್ತದೆ? ಹನುಮಂತರಾಯ ತನ್ನ ತಮ್ಮನಿಗೆ ಹೇಳುವಷ್ಟು ಹೇಳಿ ಬಾಯಿ ಸೋತಿದ್ದ. ಹೇಳುತ್ತ ಹೇಳುತ್ತಲೇ ಆ ಹುಚ್ಚಿಗೆ ತಾನೂ ಹೆಗಲು ಕೊಟ್ಟಿದ್ದ, ಅದು ಬೇರೆ ಮಾತು.

ಇಬ್ಬರೂ ರಾಯಚೂರು ಕಡೆಯವರು, ಇಬ್ಬರಿಗೂ ಹೈದರಾಬಾದಿನ ಬಾಲಾನಗರದ ಒಂದೇ ಕಾರ್ಖಾನೆಯಲ್ಲಿ ನೌಕರಿ. ತಮ್ಮ ರಾಮದಾಸ ವಿಮಾನದ ಮೀಟರುಗಳನ್ನು ಜೋಡಿಸುವವನು. ಅಣ್ಣ ಹನುಮಂತರಾಯ ಫೋಟೊ ಸೆಕ್ಷನ್ನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕತ್ತಲೆಕೋಣೆಯೊಳಗೆ ಫಿಲಂ ತೊಳೆಯುವವನು. ಬೇಗಂಪೇಟೆ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಹನುಮಂತರಾಯನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವನು, ರಾಮದಾಸ, ರಾಮದಾಸನ ಹೆಂಡತಿ ಸುಭದ್ರಾ, ಮೂರೇ ಜನ.

ರಾಮದಾಸನಿಗೆ ಗವಿ ಬೇಕು, ಗವಿಯೊಳಗೆ ನೀರು ಬೇಕು, ನೀರಿನೊಳಗೆ ಜೀವ ಬೇಕು. ರಜೆ ಸಿಕ್ಕರೆ ಸಾಕು, ಬೆಲಂ ಎಂದು ಓಡುವನು, ಬೊರ್ರಾ ಎಂದು ಓಡುವನು. ಹನಿ ತೊಟ್ಟಿಕ್ಕಿ ತೊಟ್ಟಿಕ್ಕಿ ಬೆಳೆದ ಕಲ್ಲುಗಳನ್ನು ಟಾರ್ಚು ಹಿಡಿದು ಫೋಟೊ ತೆಗೆಯುವನು. ಕಡೆಕಡೆಗೆ ಅದೂ ಸಾಲದೆ ಭೀಮಿಲಿಯ ಆಚೆ ಸಮುದ್ರ ಹೊಕ್ಕು ಬರುವ ಗವಿಗಳ ಬೆನ್ನು ಹತ್ತಿದ. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ರಬ್ಬರು ರಿಂಗು ಕೂಡಿಸಿ, ಹದಿನಾರು ಸ್ಕ್ರೂ ಬಿಗಿದು ಕ್ಯಾಮೆರಾಕ್ಕೆ ಒಂದು ಪೆಟ್ಟಿಗೆ ಮಾಡಿದ. ಪರೀಕ್ಷೆಗೆಂದು ಅದರೊಳಗೆ ಸುಭದ್ರಾಳ ಕರವಸ್ತ್ರ ಇಟ್ಟು ಮನೆಯ ನೀರಿನ ಡ್ರಮ್ಮಿನಲ್ಲಿ ಒಂದು ದಿನ ಮುಳುಗಿಸಿದ್ದ. ಕರವಸ್ತ್ರ ಒಣಗಿದ್ದು ಒಣಗಿದಂತೆಯೇ ಹೊರಗೆ ಬಂದಾಗ ಓಣಿಯವರೆಲ್ಲ ಚಪ್ಪಾಳೆ ಹೊಡೆದರು. ಹುಸೇನ್ ಸಾಗರದಲ್ಲಿ ಮುಳುಗಿಸಿದಾಗ ಮಾತ್ರ ಮೊಣಕೈತನಕ ಹಸಿರು ಹಿಡಿದು ಬಂದು ಎರಡು ದಿನ ಕೆರೆದುಕೊಂಡ, ಸುಭದ್ರಾ ನಕ್ಕು ನಕ್ಕು ಸುಸ್ತಾದಳು.

ಅವನು ತೆಗೆಯುವುದು, ಅಣ್ಣ ತೊಳೆಯುವುದು. ಕಲ್ಲಿಗೆ ಅಂಟಿಕೊಂಡು ಹೂವಿನ ಹಾಗೆ ಅರಳುವ ಪ್ರಾಣಿ, ಬೆರಳಿನಷ್ಟು ಮೀನು, ಚಿಪ್ಪಿನೊಳಗಿಂದ ಇಣುಕುವ ಏಡಿ, ಇವೆಲ್ಲ ಮೊದಲು ಹನುಮಂತರಾಯನ ಕಣ್ಣಿಗೇ ಬೀಳುತ್ತಿದ್ದವು. ಹೊರಗೆ ಬೈಯುವನು, ಒಳಗೆ ಹಿಗ್ಗುವನು. ಅಣ್ಣಂದಿರ ಜಾತಿಯೇ ಹಾಗೆ.

ಎಂಬತ್ತಾರರ ಹೊಸ ವರ್ಷದಿಂದ ಈಚೆಗೆ ರಾಮದಾಸನ ಮಾತು ನಿಂತಿತು. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಊಟಕ್ಕೆ ಕೂತರೆ ತಾಟು ನೋಡುತ್ತ ಕೂರುವನು, ಕಾರ್ಖಾನೆಗೆ ಹೊರಟವನು ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆತನಕ ಕೂತು ಬರುವನು. ಡಾಕ್ಟರು ನಿದ್ದೆಯ ಗುಳಿಗೆ ಕೊಟ್ಟರು. ಏಪ್ರಿಲ್ ಮುಗಿಯುವಾಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಪೆಟ್ಟಿಗೆ ಕ್ಯಾಮೆರಾ ಹೊರಗೆ ತೆಗೆದು ಭೀಮಿಲಿಗೆ ಹೊರಟೆನೆಂದ. ನಾಲ್ಕು ತಿಂಗಳಿಂದ ಗೋಡೆಯ ಜೊತೆ ಸಂಸಾರ ಮಾಡಿದಂತಾಗಿದ್ದ ಸುಭದ್ರಾಳಿಗೆ ತಲೆ ಕೆಟ್ಟುಹೋಯಿತು. ಆ ಗವಿಯೊಳಗೇ ಹೋಗಿ ಇರಿ, ಹೊಳ್ಳಿ ಬರಬೇಡಿ ಎಂದುಬಿಟ್ಟಳು. ಸಿಟ್ಟಿನಲ್ಲಿ ಯಾವ ಹೆಂಡತಿ ಅನ್ನುವುದಿಲ್ಲ? ಅವನು ಚೀಲ ಹೆಗಲಿಗೆ ಹಾಕಿದ.

ಸ್ಟೇಷನ್ನಿಗೆ ಬಿಡಲು ಹೋಗಿದ್ದು ಹನುಮಂತರಾಯ. ರೈಲು ಅಲುಗುವ ಹೊತ್ತಿಗೆ ರಾಮದಾಸ ಕೈಗಡಿಯಾರ ಬಿಚ್ಚಿ ಅವನ ಕೈಗಿಟ್ಟ. ಉಪ್ಪುನೀರು ಹೊಕ್ಕರೆ ಹಾಳಾಗುತ್ತದೆ, ಇಟ್ಟುಕೋ ಎಂದ. ಅಷ್ಟೇ. ಹಿಂದೆ ಏಳು ಸಲ ಸಮುದ್ರಕ್ಕೆ ಹೋದವನು ಏಳು ಸಲವೂ ಗಡಿಯಾರ ಕಟ್ಟಿಕೊಂಡೇ ಹೋಗಿ ದಂಡೆಯ ಮೇಲೆ ಬಿಚ್ಚಿಡುತ್ತಿದ್ದ. ಇದು ಹನುಮಂತರಾಯನಿಗೆ ಹೊಳೆದದ್ದು, ತಮ್ಮ ಗವಿಯಲ್ಲಿ ಮುಳುಗಿದನೆಂದು ಭೀಮಿಲಿಯಿಂದ ತಂತಿ ಬಂದ ಮೇಲೆ. ಹೊಳೆದದ್ದನ್ನು ಅವನು ಯಾರಿಗೂ ಹೇಳಲಿಲ್ಲ.

ಅವನೂ ಸುಭದ್ರಾಳೂ ಭೀಮಿಲಿ ಮುಟ್ಟುವಷ್ಟರಲ್ಲಿ ಮೀನುಗಾರರು ಹೆಣ ತೆಗೆದಿದ್ದರು. ಅಲ್ಲಿಯೇ ಸುಟ್ಟರು. ಪೊಲೀಸಿನವನು ಕಾಗದ ಬರೆಯುತ್ತ, ಉಬ್ಬರದ ಹೊತ್ತಿನಲ್ಲಿ ತಿಳಿದವರು ಯಾರೂ ಆ ಗವಿ ಹೊಗುವುದಿಲ್ಲ, ಮನೆಯಲ್ಲಿ ಏನಾದರೂ ಜಗಳವಾಗಿತ್ತೇ ಎಂದು ತೆಲುಗಿನಲ್ಲಿ ಕೇಳಿದ. ಆಮೇಲೆ ಒಬ್ಬ ಮುದುಕ ಬಂದು ಕಲ್ಲಿನ ಸಂದಿಯಲ್ಲಿ ಸಿಕ್ಕಿತೆಂದು ಆ ಪ್ಲಾಸ್ಟಿಕ್ ಪೆಟ್ಟಿಗೆ ಕೊಟ್ಟ. ಮೂಲೆ ಸೀಳಿತ್ತು, ಒಳಗೆಲ್ಲ ಸಮುದ್ರದ ನೀರು ತುಂಬಿ ಕ್ಯಾಮೆರಾ ಅದರಲ್ಲಿ ಮುಳುಗಿತ್ತು.

ನೀರು ಹೊಕ್ಕ ಫಿಲಂ ಆರಬಾರದು. ಆರಿದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಹತ್ತಿಕೊಂಡು ಮೇಲಿನ ಪದರ ಕಿತ್ತು ಬರುತ್ತದೆ. ತೊಳೆಯುವತನಕ ಅದನ್ನು ಸಿಹಿನೀರಿನಲ್ಲಿಯೇ ಇಡಬೇಕು, ಬೇಗ ತೊಳೆಯಬೇಕು. ಹನುಮಂತರಾಯನಿಗೆ ಇದು ಗೊತ್ತಿತ್ತು. ಕಂಬಳಿಯೊಳಗೆ ಕೈ ತೂರಿಸಿ, ಅಳುತ್ತಲೇ, ಫಿಲಂ ಅದರ ತಗಡಿನ ಕೊಳವೆಯೊಳಕ್ಕೆ ಹಿಂದಕ್ಕೆ ಸುತ್ತಿ ಸುರುಳಿ ಹೊರತೆಗೆದ. ಎಷ್ಟು ಫೋಟೊ ಆಗಿವೆ ಎಂದು ತೋರಿಸುವ ಅಂಕಿಯನ್ನು ಮೊದಲು ನೋಡಬೇಕಿತ್ತು. ಕ್ಯಾಮೆರಾದ ಬೆನ್ನು ತೆರೆದೊಡನೆ ಅಂಕಿ ಸೊನ್ನೆಗೆ ಹೋಗುತ್ತದೆ, ಹೋಯಿತು. ಇಪ್ಪತ್ತೆರಡು ವರ್ಷದ ಸರ್ವೀಸು ಮಣ್ಣುಪಾಲಾಯಿತು ಎಂದು ತನ್ನನ್ನು ತಾನೇ ಶಪಿಸಿಕೊಂಡ.

ಸ್ಟೇಷನ್ನಿನಲ್ಲಿ ಒಂದು ಸ್ಟೀಲಿನ ಡಬ್ಬಿ ಕೊಂಡು, ನಳದ ನೀರು ತುಂಬಿ, ಸುರುಳಿಯನ್ನು ಅದರಲ್ಲಿ ಬಿಟ್ಟು ಮುಚ್ಚಳ ಒತ್ತಿದರು. ಸುಭದ್ರಾ ಅದನ್ನು ಯಾರ ಕೈಗೂ ಕೊಡದೆ ಮಡಿಲಲ್ಲಿಟ್ಟುಕೊಂಡು ಸಿಕಂದರಾಬಾದಿನವರೆಗೆ ಬಂದಳು. ದಾರಿಯಲ್ಲಿ ಒಂದೇ ಸಲ ಬಾಯಿ ಬಿಟ್ಟಳು.

“ಇದರಾಗ ಗೊತ್ತಾಗತೈತಲ್ರಿ ಭಾವನವರ? ಫೋಟೊ ತಗಿಯಾಕ ಹೋಗಿದ್ರೊ, ಇಲ್ಲಾ ನಾ ಅಂದದ್ದಕ್ಕ ಹೋದ್ರೊ?”

“ಗೊತ್ತಾಗತೈತಿ,” ಎಂದ ಹನುಮಂತರಾಯ. ಗವಿಯೊಳಗೆ ನಿಂತು ಮೀನಿನ ಮುಂದೆ ಕ್ಯಾಮೆರಾ ಹಿಡಿದವನಿಗೆ ಸಾಯುವ ಮನಸ್ಸಿರುವುದಿಲ್ಲ. ಒಂದೇ ಒಂದು ಮೀನು ಆ ಫಿಲಮ್ಮಿನಲ್ಲಿ ಕಂಡರೆ ಈ ಹುಡುಗಿ ಬದುಕುತ್ತಾಳೆ.

ಹಾಗಾದರೆ ಮನೆಗೆ ಬಂದ ದಿನವೇ ತೊಳೆಯಬೇಕಿತ್ತಲ್ಲ? ತೊಳೆಯಲಿಲ್ಲ. ಸೂತಕ ಎಂದ. ಕರ್ಮ ಹಿಡಿದವನು ನಾನು, ಕಾರ್ಖಾನೆಯ ಕತ್ತಲೆಕೋಣೆಗೆ ಹೋಗುವ ಹಾಗಿಲ್ಲ, ಹನ್ನೊಂದು ದಿನ ಕಳೆಯಲಿ ಎಂದ. ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ ತಮ್ಮನ ಅದೆಷ್ಟೋ ಫಿಲಂಗಳನ್ನು ಮನೆಯಲ್ಲಿಯೇ ತೊಳೆದವನು ಅವನು, ರಾಸಾಯನಿಕದ ಬಾಟಲಿಗಳು ಮಂಚದ ಕೆಳಗೇ ಇದ್ದವು. ದಿನಾ ಬೆಳಿಗ್ಗೆ ಡಬ್ಬಿಯ ನೀರು ಬದಲಿಸಿ, ಅಮೀರ್‌ಪೇಟೆಯಿಂದ ಬರ್ಫಿನ ಗಡ್ಡೆ ತಂದು ತಂಪಿಗೆಂದು ಸುತ್ತ ಇಟ್ಟು, ಹಳೆಯ ಗೋಣಿ ಹೊದಿಸಿ ಬಚ್ಚಲ ಹಲಗೆಯ ಮೇಲಿಡುವನು. ನಾಳೆ ತೊಳೆದರಾಯಿತು ಎನ್ನುವನು. ತಮ್ಮನ ಗಡಿಯಾರ ಅಂಗಿಯ ಜೇಬಿನಲ್ಲಿ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅದನ್ನು ಅವನು ಸುಭದ್ರಾಳಿಗೆ ತೋರಿಸಿರಲಿಲ್ಲ.

ಸೋದರತ್ತೆ ಗಂಗೂಬಾಯಿ ರಾಯಚೂರಿನಿಂದ ಬಂದು ಮನೆ ಹಿಡಿದಿದ್ದಳು. ಸಮುದ್ರದಲ್ಲಿ ಸತ್ತವನ ಸಾಮಾನು ಮನೆಯೊಳಗೆ ನೀರಿನಲ್ಲಿ ಕೂತಿದೆ ಎಂದರೆ ಹುಯ್ಯಲೆಬ್ಬಿಸುವಳೆಂದು ಅವಳಿಗೆ ಡಬ್ಬಿಯ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ಆಗುತ್ತಿತ್ತು. ಮುದುಕಿ ಕೆಟ್ಟವಳಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಸಾವಿನ ಮನೆಯ ನೀರನ್ನೆಲ್ಲ ಚೆಲ್ಲಿ, ಪಾತ್ರೆ ಪಡಗ ತೊಳೆದು ಬಿಸಿಲಿಗೆ ಬೋರಲು ಹಾಕುವುದು ಪದ್ಧತಿ. ಆ ಬೇಸಿಗೆ ಹೈದರಾಬಾದಿನಲ್ಲಿ ನಳಕ್ಕೆ ಒಂದು ದಿನ ಬಿಟ್ಟು ಒಂದು ದಿನ ನೀರು. ಆವತ್ತು ನೀರಿಲ್ಲದ ದಿನ. ಹನುಮಂತರಾಯ ಭಟ್ಟರ ಜೊತೆ ಮೂಸಿ ಹೊಳೆಯ ದಂಡೆಗೆ ಹೊರಟು ನಿಂತಾಗ ಗಂಗೂಬಾಯಿ ಬಾಗಿಲಿಗೆ ಬಂದಳು.

“ಹನುಮಂತಾ, ನಾಳಿತನಕ ನಳ ಬರೂದಿಲ್ಲ. ಬಚ್ಚಲದಾಗಿನ ನೀರರ ಇಟಗೊಳ್ಳೇನಪ್ಪಾ?”

ರಾತ್ರಿಯೆಲ್ಲ ನಿದ್ದೆ ಇಲ್ಲದೆ ಕಣ್ಣು ಉರಿಯುತ್ತಿದ್ದವು. ತಮ್ಮ ಹೋದಮೇಲೆ ಕೊಡ ನೀರಿಗೆ ಲೆಕ್ಕವೇ ಎಂದು ಹನುಮಂತರಾಯನಿಗೆ ರೇಗಿತು.

“ಒಂದ ಹನಿನೂ ಇಡಬ್ಯಾಡತ್ತಿ. ಬಚ್ಚಲದ್ದೂ ಚೆಲ್ಲು. ಎಲ್ಲಾ ಚೆಲ್ಲು.”

ಅಂದವನು ಆಟೋ ಹತ್ತಿ ಹೋದ. ಡಬ್ಬಿಯ ನೆನಪು ಒಂದು ಕ್ಷಣವೂ ಬರಲಿಲ್ಲ.

ಪಿಂಡ, ತರ್ಪಣ, ದಾನ ಎಲ್ಲ ಮುಗಿಸಿ ಮರಳಿದಾಗ ಒಂದು ಗಂಟೆ. ಸುಭದ್ರಾಳನ್ನು ಬೆಳಿಗ್ಗೆಯಿಂದ ಹಿಂದಿನ ಕೋಣೆಯಲ್ಲಿ ಕೂಡಿಸಿ ಓಣಿಯ ಹೆಂಗಸರು ಸುತ್ತುವರಿದಿದ್ದರು. ಒದ್ದೆ ಧೋತರ ಒಣಹಾಕಲು ಮಾಳಿಗೆ ಹತ್ತಿದ ಹನುಮಂತರಾಯನಿಗೆ ಸಾಲಾಗಿ ಬೋರಲು ಬಿದ್ದ ಕೊಡ, ತಂಬಿಗೆ, ಬಕೀಟು ಕಂಡವು. ಅವುಗಳ ಕೊನೆಯಲ್ಲಿ ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿದ ಸ್ಟೀಲಿನ ಡಬ್ಬಿ. ಅದರ ಪಕ್ಕದಲ್ಲಿ, ಕಾದ ಕಲ್ಲಿನ ಮೇಲೆ, ಗಾಳಿಗೆ ಉರುಳಿಹೋಗದಂತೆ ಚಿಕ್ಕ ಕಲ್ಲೊಂದನ್ನು ಒತ್ತಿಟ್ಟು ಫಿಲಮ್ಮಿನ ಸುರುಳಿ ಇತ್ತು. ಮುಟ್ಟಿದರೆ ಕೈ ಸುಟ್ಟಿತು.

“ನಮ್ಮ ರಾಮದಾಸಂದು ಅಂತ ಗೊತ್ತಾತಪ್ಪಾ. ಪಾಪ, ನೀರಾಗ ಬಿದ್ದಿತ್ತು,” ಎಂದಳು ಹಿಂದೆಯೇ ಏದುತ್ತ ಹತ್ತಿ ಬಂದ ಗಂಗೂಬಾಯಿ. “ಸೆರಗಲೆ ವರಸಿ ಬಿಸಲಿಗೆ ಇಟ್ಟೀನಿ.”

ಅವಳಿಗೆ ಏನು ಅನ್ನುವುದು? ಚೆಲ್ಲು ಎಂದದ್ದು ಯಾರು? ಹನುಮಂತರಾಯ ಸುರುಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆ ಬಿಸಿಲಿನಲ್ಲಿಯೇ ಕುಕ್ಕರಿಸಿದ.

ಪಕ್ಕದ ಮನೆಯಿಂದ ಒಂದು ಬಕೀಟು ನೀರು ಬೇಡಿ ತಂದ. ಬಚ್ಚಲಿಗೆ ಕಂಬಳಿ ಕಟ್ಟಿ, ಬಾಗಿಲು ಹಾಕಿ, ಕತ್ತಲೆಯಲ್ಲಿ ಸುರುಳಿಯನ್ನು ಮತ್ತೆ ನೆನೆಸಿದ. ಎರಡು ತಾಸು ಕಾದು ಬಿಡಿಸತೊಡಗಿದ. ಬೆರಳಿಗೆ ಎಲ್ಲ ತಿಳಿಯುತ್ತಿತ್ತು. ಒಂದು ಸುತ್ತು ಬಿಡುತ್ತಿದ್ದಂತೆ ಮೇಲಿನ ಪದರ ಹಾಲಿನ ಕೆನೆಯ ಹಾಗೆ ಸುಲಿದು ಉಗುರಿಗೆ ಬರುತ್ತಿತ್ತು. ದೇವರೇ, ಒಂದು ಮೀನು ಬಿಡು, ಒಂದೇ ಒಂದು ಎಂದು ಬಾಯಿಬಿಟ್ಟೇ ಬೇಡಿಕೊಂಡ. ದೇವರು ದಿಂಡರು ಯಾರೂ ಆ ಬಚ್ಚಲಿನಲ್ಲಿರಲಿಲ್ಲ. ರಾಸಾಯನಿಕದಲ್ಲಿ ಅದ್ದಿ, ಎಣಿಸಿ, ತೆಗೆದು, ದೀಪ ಹಾಕಿದ. ಕೈಯಲ್ಲಿದ್ದದ್ದು ಐದಡಿ ಬರಿಯ ಪಾರದರ್ಶಕ ಪಟ್ಟಿ. ಅಲ್ಲಲ್ಲಿ ಕಪ್ಪು ಚೂರುಗಳು ಅಂಟಿದ್ದವು. ಅವು ಗವಿಯೋ, ನೀರೋ, ಕೊಳೆಯೋ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಫೋಟೊ ತೆಗೆಯದ ಫಿಲಮ್ಮೂ ಹೀಗೇ ಕಾಣುತ್ತದೆ, ಸುಲಿದುಹೋದ ಫಿಲಮ್ಮೂ ಹೀಗೇ ಕಾಣುತ್ತದೆ.

ಆ ದಿನ ಅವನು ಸುಭದ್ರಾಳ ಮುಂದೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅವಳೇ ಬಂದಳು. ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದಳು. ಅದರ ಆಚೆ ರೈಲಿನ ಹಳಿಗಳು ಕಾಣುತ್ತಿದ್ದವು.

ಹನುಮಂತರಾಯ ಎಲ್ಲವನ್ನೂ ಹೇಳಿದ. ಡಬ್ಬಿಯ ನೀರು ಚೆಲ್ಲಿಹೋದದ್ದು, ಚೆಲ್ಲೆಂದವನು ತಾನೇ, ಅತ್ತೆಯದು ಏನೂ ತಪ್ಪಿಲ್ಲ, ಇದರಲ್ಲಿ ಏನಿತ್ತೋ ಇನ್ನು ಯಾರೂ ಹೇಳಲಾರರು, ಇರಲೇ ಇಲ್ಲ ಎಂದು ಮಾತ್ರ ತಿಳಿಯಬೇಡ ಎಂದ. ಅವನು ಇನ್ನೂ ಹೇಳುತ್ತಲೇ ಇದ್ದ, ಅವಳು ಪಟ್ಟಿಯನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟಳು. ಅಳಲಿಲ್ಲ.

“ಚೆಲ್ಲಿದ್ದು ನಿನ್ನಿ, ಭಾವನವರ. ಅದಕ್ಕೂ ಮೊದಲ ಅಷ್ಟ ದಿನ ಯಾಕ ತೊಳಿಲಿಲ್ಲ?”

“ಸೂತಕ ಇತ್ತಲ್ಲವ್ವಾ...”

“ಸೂತಕದಾಗ ದಿನಾ ಬರ್ಫ್ ತಂದ್ರಿ, ನೀರು ಬದಲಿ ಮಾಡಿದ್ರಿ. ತೊಳ್ಯಾಕ ಮಾತ್ರ ಆಗಲಿಲ್ಲ.” ಅವಳು ಅವನ ಮುಖವನ್ನೇ ನೋಡಿದಳು. “ನೀವೂ ಅಂಜಿದ್ರಿ, ಇದರಾಗ ಏನೂ ಇರಲಿಕ್ಕಿಲ್ಲ ಅಂತ. ಅವರನ್ನ ಹುಟ್ಟಿದಾಗಿಂದ ನೋಡಿದವರು ನೀವು. ನೀವ ಅಂಜಿದ ಮ್ಯಾಲ ನನಗ ಇನ್ನ ಯಾವ ಫೋಟೊ ಬೇಕ್ರಿ?”

ಅಲ್ಲ ಎನ್ನಬೇಕಿತ್ತು. ರಾಮದಾಸ ಅಂಥವನಲ್ಲ ಎಂದು ಒಂದು ಮಾತು, ಸುಳ್ಳಾದರೂ ಸರಿ, ಗಟ್ಟಿಯಾಗಿ ಹೇಳಬೇಕಿತ್ತು. ಹನುಮಂತರಾಯನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗಿ ಗಡಿಯಾರವನ್ನು ಅದುಮಿಕೊಂಡಿತು. ಹೊರಗೆ ನಳಕ್ಕೆ ನೀರು ಬಂದ ಸದ್ದಾಯಿತು, ಓಣಿಯವರು ಒಬ್ಬರನ್ನೊಬ್ಬರು ಕೂಗಿ ಕರೆದರು. ಸುಭದ್ರಾ ಖಾಲಿ ಕೊಡ ಎತ್ತಿಕೊಂಡು ನೀರಿಗೆ ಹೋದಳು.